ರಾಜ್ಯಗಳ ಜೀರ್ಣೋದ್ಧಾರ



ನಮ್ಮನ್ನು ಸ್ಥಿತಿಪಾಲಕರ ಗುಂಪಿಗೆ ಸೇರಿಸಿ ಮಾತನಾಡುವವರು ಅನೇಕರುಂಟು. ಆ ಹೆಸರನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಸ್ಥಿತಿಪಾಲಕನೆಂದರೆ ಇದ್ದದ್ದೆಲ್ಲ ಇದ್ದ ಹಾಗೆಯೇ ಇರಲೆಂದು ಬಾಗಿಲಿಗೆ ಅಡ್ಡಲಾಗಿ ಮಲಗಿರುವವನೆಂಬ ಭಾವನೆಯು ಜನರಲ್ಲಿ ಬೇರೂರಿರುವುದರಿಂದ, ಲೋಕದ ಈಚಿನ ರಾಜಕೀಯವನ್ನು ಕುರಿತು ನಾಲ್ಕು ಮಾತುಗಳನ್ನಾಡುವುದಕ್ಕೆ ಮುಂಚೆ ನಮ್ಮ ನಿಲುವು ಯಾವುದೆಂಬುದನ್ನು ಎಲ್ಲರೂ ಬಲ್ಲ ಒಂದು ದೃಷ್ಟಾಂತದಿಂದ ತಿಳಿಸುವುದು ಮೇಲೆಂದು ತೋರುತ್ತದೆ.

ದೇವಾಲಯಗಳ ಜೀರ್ಣೋದ್ಧಾರ ಕ್ರಮವನ್ನು ತಮ್ಮಲ್ಲಿ ಹಲವರು ಕಂಡಿರಬಹುದು. ಗೋಡೆ ಬಿರಿದಿದೆ, ಮಾಳಿಗೆ ಸೋರುತ್ತಿದೆ, ಗರ್ಭಗುಡಿಯ ಕಲ್ಲು ಜಾರಿದೆ. ಕೆಲಸಕ್ಕೆ ಕೈಯಿಡದೆ ವಿಧಿಯಿಲ್ಲ. ಆದರೆ ಕಲ್ಲುಕುಟಿಗನು ಒಳಕ್ಕೆ ಕಾಲಿಡುವ ಮುನ್ನ ಆಗಮೋಕ್ತವಾದ ವಿಧಿಯೊಂದು ನಡೆಯತಕ್ಕದ್ದು. ಬಿಂಬದಲ್ಲಿರುವ ದೇವತಾಕಲೆಯನ್ನು ಮಂತ್ರಪೂರ್ವಕವಾಗಿ ಕಲಶೋದಕಕ್ಕೆ ಬರಮಾಡಿಕೊಂಡು, ಪಕ್ಕದಲ್ಲಿ ಕಟ್ಟಿದ ಬಾಲಾಲಯವೆಂಬ ಸಣ್ಣ ಗುಡಿಯಲ್ಲಿ ನೆಲೆಗೊಳಿಸುತ್ತಾರೆ. ಇದಕ್ಕೆ ಕಲಾಕರ್ಷಣವೆಂದು ಹೆಸರು. ಆಮೇಲೆ ದೊಡ್ಡ ಗುಡಿಯಲ್ಲಿ ಉಳಿಯ ಸದ್ದು ಎಷ್ಟು ಬೇಕಾದರೂ ಆಗಲಿ, ಬಾಲಾಲಯದಲ್ಲಿ ದೀಪ ಉರಿಯುತ್ತಿರುತ್ತದೆ, ನೈವೇದ್ಯ ನಡೆಯುತ್ತಿರುತ್ತದೆ. ಕೆಲಸ ಪೂರೈಸಿದ ಮೇಲೆ ಕುಂಭಾಭಿಷೇಕವಾಗಿ, ಆ ಕಲೆಯು ತನ್ನ ಮೊದಲಿನ ಮನೆಗೆ ಹಿಂದಿರುಗುತ್ತದೆ. ನಡುವಣ ಅವಧಿಯಲ್ಲಿ ಊರು ದೇವರಿಲ್ಲದ ಊರಾಗಿ ಒಂದು ದಿನವೂ ಇರುವುದಿಲ್ಲ.

ರಾಜ್ಯವ್ಯವಸ್ಥೆಯನ್ನು ತಿದ್ದುತ್ತೇವೆಂದು ಹೊರಟವರನ್ನು ನಾವು ಕೇಳುವ ಪ್ರಶ್ನೆ ಇಷ್ಟೇ: ಬಾಲಾಲಯವೆಲ್ಲಿ? ಗೋಡೆಯನ್ನು ಕೆಡಹಬೇಡಿರೆಂದು ನಾವು ಹೇಳುವುದಿಲ್ಲ. ಕೆಡಹುವಾಗ ದೀಪವನ್ನು ಎಲ್ಲಿ ಇಟ್ಟಿದ್ದೀರೆಂದು ಕೇಳುತ್ತೇವೆ.

ಮೈಸೂರಿನವರಿಗೆ ಈ ಮಾತು ಹೊಸದಲ್ಲ. 1897ರಲ್ಲಿ ಹಳೆಯ ಮರದ ಅರಮನೆಯು, ರಾಜಕುಮಾರಿಯವರ ಮದುವೆಯ ಕಾಲದಲ್ಲಿ, ಬೆಂಕಿಗೆ ಸಿಕ್ಕಿ ಹಾಳಾಯಿತು. ಹೊಸ ಅರಮನೆ ಸಿದ್ಧವಾದದ್ದು 1912ರಲ್ಲಿ. ಆ ನಡುವೆ ರಾಜಕುಟುಂಬವು ಜಗನ್ಮೋಹನ ಅರಮನೆಯಲ್ಲಿ ನೆಲಸಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಲಾರ್ಡ್ ಕರ್ಜನರ ಸಮಕ್ಷಮದಲ್ಲಿ ಪೂರ್ಣಾಧಿಕಾರವನ್ನು ಸ್ವೀಕರಿಸಿದ್ದೂ ಅಲ್ಲಿಯೇ. ಸಿಂಹಾಸನದ ಮನೆ ಬೂದಿಯಾಗಿತ್ತು, ದೊರೆತನ ಬೂದಿಯಾಗಿರಲಿಲ್ಲ.

ಸಂಸ್ಥಾನದ ರಾಜ್ಯಾಂಗವೂ ಬಹುಮಟ್ಟಿಗೆ ಹೀಗೆಯೇ ಬೆಳೆಯಿತು. 1881ರ ಅಕ್ಟೋಬರ್ ತಿಂಗಳಲ್ಲಿ ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿದಾಗ ಅದಕ್ಕೆ ಅಧಿಕಾರವೆಂಬುದೇ ಇರಲಿಲ್ಲ. ದಿವಾನರ ವರದಿಯನ್ನು ಕೇಳುವುದು, ತಮ್ಮ ಊರಿನ ಕೆರೆಕಟ್ಟೆಗಳ ಕಷ್ಟವನ್ನು ಅರಿಕೆಮಾಡಿಕೊಳ್ಳುವುದು, ಇಷ್ಟೇ. ಇದನ್ನು ಕಂಡು ನಕ್ಕವರುಂಟು. ಆದರೆ ಹತ್ತು ವರ್ಷಗಳಲ್ಲಿ ಅದಕ್ಕೆ ಚುನಾವಣೆ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಜೊತೆಗೂಡಿತು. 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. 1947ರಲ್ಲಿ ಜವಾಬುದಾರಿ ಸರ್ಕಾರಕ್ಕಾಗಿ ಜನ ಬೀದಿಗಿಳಿದು "ಮೈಸೂರು ಚಲೋ" ಎಂದರು. ಅರಮನೆಯು ತಾನಾಗಿಯೇ ಮನಸ್ಸುಮಾಡಿ ಕೊಟ್ಟಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಜನರ ಒತ್ತಾಯವಿಲ್ಲದಿದ್ದರೆ ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಬರುತ್ತಿರಲಿಲ್ಲ. ಆದರೂ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರವರೇ 1950ರಿಂದ ರಾಜಪ್ರಮುಖರಾಗಿ, 1956ರ ನವೆಂಬರ್ 1ರಿಂದ ಗವರ್ನರಾಗಿ ಮುಂದುವರಿದದ್ದನ್ನು ನೋಡಿದರೆ, ಕಲಶವನ್ನು ಕೈಯಿಂದ ಕೈಗೆ ದಾಟಿಸುವ ವಿವೇಕವು ಎರಡು ಪಕ್ಷಗಳಲ್ಲಿಯೂ ಇತ್ತೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ನಮ್ಮ ಹಳೆಯ ಅಸಮಾಧಾನವೊಂದನ್ನು ಹೇಳಿ ಮುಂದಕ್ಕೆ ಹೋಗುತ್ತೇವೆ. ದೊರೆಗಳಿಗೆ ರಾಜ್ಯಾಂಗದಲ್ಲಿಯೇ ಬರೆದುಕೊಟ್ಟ ರಾಜಧನದ ವಾಗ್ದಾನವನ್ನು 1971ರಲ್ಲಿ ಭಾರತ ಸರ್ಕಾರವು ಇಪ್ಪತ್ತಾರನೆಯ ತಿದ್ದುಪಡಿಯಿಂದ ಅಳಿಸಿಹಾಕಿತು. ಹಣ ಹೋದದ್ದಕ್ಕೆ ನಾವು ಅಳುವುದಿಲ್ಲ. ಬಡವರ ದೇಶದಲ್ಲಿ ಆ ಹಣವನ್ನು ಕೊಡುತ್ತಲೇ ಇರಬೇಕೆಂದು ವಾದಿಸಲು ನಮಗೆ ನಾಲಗೆ ಬಾರದು. ಕೊಟ್ಟ ಮಾತು ಇಷ್ಟು ಅಗ್ಗವೇ ಎಂಬುದು ನಮ್ಮ ದೂರು. ಆದರೂ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1970ರಲ್ಲಿ ಆ ಮಸೂದೆಯು ರಾಜ್ಯಸಭೆಯಲ್ಲಿ ಬೇಕಾದ ಮೂರರಲ್ಲಿ ಎರಡು ಪಾಲಿಗೆ ಒಂದು ಮತಕ್ಕಿಂತಲೂ ಕಡಮೆ ಅಂತರದಿಂದ ಬಿದ್ದುಹೋಯಿತು. ಮರುದಿನವೇ ರಾಷ್ಟ್ರಪತಿಗಳ ಆಜ್ಞೆಯಿಂದ ಅದನ್ನು ಸಾಧಿಸಹೊರಟಾಗ ಸುಪ್ರೀಂ ಕೋರ್ಟು ತಡೆಯಿತು. ಸರ್ಕಾರವು ಚುನಾವಣೆಗೆ ಹೋಗಿ ಗೆದ್ದುಬಂದು ತಿದ್ದುಪಡಿ ಮಾಡಿತು. ನಾವು ಸೋತೆವು, ಆದರೆ ನಿಯಮದಂತೆ ಸೋತೆವು. ಮೂರು ಸಲ ಬಾಗಿಲು ತಟ್ಟಿ ಒಳಕ್ಕೆ ಬಂದವನನ್ನು ಕಳ್ಳನೆನ್ನಲಾಗದು.

ಇನ್ನು ಲೋಕದ ಕಡೆಗೆ ತಿರುಗೋಣ. ಬಾಲಾಲಯವಿಲ್ಲದೆ ಗುಡಿಯನ್ನು ಒಡೆದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾಲದಲ್ಲಿ ಇರಾಕಿಗಿಂತ ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ. ಸದ್ದಾಂ ಹುಸೇನನು ಕ್ರೂರಿಯಾಗಿದ್ದನೆಂಬುದರಲ್ಲಿ ವಿವಾದವೇನೂ ಇಲ್ಲ. 2003ರ ಮಾರ್ಚಿಯಲ್ಲಿ ಅಮೆರಿಕ ಮತ್ತು ಅದರ ಮಿತ್ರರ ಸೇನೆ ಇರಾಕನ್ನು ಹೊಕ್ಕಿತು. ಏಪ್ರಿಲಿನಲ್ಲಿ ಬಾಗ್ದಾದು ಬಿದ್ದಿತು. ಸಾವಿರಾರು ವರ್ಷಗಳ ಪ್ರಾಚೀನ ವಸ್ತುಗಳಿದ್ದ ಅಲ್ಲಿಯ ವಸ್ತುಸಂಗ್ರಹಾಲಯವನ್ನು ಲೂಟಿಗಾರರು ದೋಚಿದರು. ಅಷ್ಟಾದರೂ ರಾಜ್ಯವು ಇನ್ನೂ ಸತ್ತಿರಲಿಲ್ಲ. ಕಚೇರಿಗಳಲ್ಲಿ ಗುಮಾಸ್ತರಿದ್ದರು, ಶಾಲೆಗಳಲ್ಲಿ ಉಪಾಧ್ಯಾಯರಿದ್ದರು, ಮನೆ ಸೇರಿದ್ದ ಸಿಪಾಯಿಗಳು ಮರಳಿ ಕರೆ ಬಂದೀತೆಂದು ಕಾದಿದ್ದರು. ಆಡಳಿತಕ್ಕೆ ಬಂದ ಪಾಲ್ ಬ್ರೆಮರರು ಮೇ 16ರಂದು ಹೊರಡಿಸಿದ ಮೊದಲನೆಯ ಆಜ್ಞೆಯಿಂದ ಬಾತ್ ಪಕ್ಷದ ಮೇಲಿನ ನಾಲ್ಕು ಅಂತಸ್ತುಗಳವರನ್ನು ಸರ್ಕಾರಿ ಕೆಲಸದಿಂದ ತೆಗೆದುಹಾಕಿದರು. ಮೇ 23ರ ಎರಡನೆಯ ಆಜ್ಞೆಯಿಂದ ಸೇನೆಯನ್ನೇ ವಿಸರ್ಜಿಸಿದರು.

ಆ ಸೇನೆ ಹುಟ್ಟಿದ್ದು 1921ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಪಟ್ಟಕ್ಕೆ ಬಂದ ದೊರೆ ಫೈಸಲನಿಗಿಂತ ಅದು ಹಿರಿದು. ಸದ್ದಾಮನಿಗಿಂತ, ಅವನ ಪಕ್ಷಕ್ಕಿಂತ ಬಹಳ ಹಿರಿದು. ಅದೇನೂ ಸಾಧುಗಳ ಮಠವಾಗಿರಲಿಲ್ಲ. 1936ರಿಂದ ಮೊದಲುಗೊಂಡು ಎಷ್ಟೋ ಸಲ ಸರ್ಕಾರಗಳನ್ನು ಉರುಳಿಸಿದ ಸೇನೆ ಅದು. 1958ರಲ್ಲಿ ರಾಜವಂಶವನ್ನೇ ಕೊನೆಗಾಣಿಸಿದ್ದೂ ಅದರ ಅಧಿಕಾರಿಗಳೇ. ಆದರೂ ಪರಸ್ಪರ ಮುಖ ನೋಡದ ಪಂಗಡಗಳವರು ಒಂದೇ ಸಮವಸ್ತ್ರದಲ್ಲಿ ನಿಲ್ಲುತ್ತಿದ್ದ ಅಂಗಳಗಳು ಆ ದೇಶದಲ್ಲಿ ಹೆಚ್ಚಾಗಿರಲಿಲ್ಲ. ಒಂದು ಕಾಗದದ ರುಜುವಿನಿಂದ ಲಕ್ಷಾಂತರ ಮಂದಿ, ಬಂದೂಕು ಹಿಡಿಯಬಲ್ಲವರು, ಸಂಬಳವಿಲ್ಲದೆ ಮಾನವಿಲ್ಲದೆ ಮನೆಯಲ್ಲಿ ಕುಳಿತರು. ಬೀದಿಯಲ್ಲಿ ಕೂಗೆದ್ದ ಮೇಲೆ ಜೂನಿನಲ್ಲಿ ಅವರಿಗೆ ಭತ್ಯ ಕೊಡುವುದಾಗಿ ಹೇಳಿದರು. ಮಾನವನ್ನು ಹಿಂದಕ್ಕೆ ಕೊಡುವ ಆಜ್ಞೆಯನ್ನು ಬರೆಯುವುದು ಅಷ್ಟು ಸುಲಭವಲ್ಲ. 2014ರ ಜೂನಿನಲ್ಲಿ ಮೋಸುಲ್ ನಗರವನ್ನು ಹಿಡಿದ ಉಗ್ರರ ಪಡೆಯ ಮುಂದಾಳುಗಳಲ್ಲಿ ಸದ್ದಾಮನ ಸೇನೆಯಲ್ಲಿದ್ದ ಅಧಿಕಾರಿಗಳೂ ಇದ್ದರು. ಈ ಕೆಲಸವನ್ನು ಮಾಡಿಸಿದ ವಾಷಿಂಗ್ಟನ್ನಿನ ಪಕ್ಷವು ತನ್ನನ್ನು ಸ್ಥಿತಿಪಾಲಕ ಪಕ್ಷವೆಂದೇ ಕರೆದುಕೊಳ್ಳುತ್ತಿತ್ತೆಂಬುದು ನಮ್ಮಂಥವರಿಗೆ ಸ್ವಲ್ಪ ನಾಚಿಕೆಯ ವಿಷಯ.

ಒಂದು ರಾಜ್ಯಕ್ಕೆ ಸಲ್ಲುವ ಮಾತು ರಾಜ್ಯಗಳ ಕೂಟಕ್ಕೂ ಸಲ್ಲುತ್ತದೆ. 1920ರಲ್ಲಿ ಕೆಲಸಕ್ಕೆ ತೊಡಗಿದ ರಾಷ್ಟ್ರಸಂಘವು ಯುದ್ಧವನ್ನು ತಡೆಯಲಾರದೆ ಹೋಯಿತು. ಅದು ಸೋತ ಸಂಸ್ಥೆಯೆಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಸತ್ತ ರೀತಿಯನ್ನು ಯಾರೂ ಹೊಗಳುವುದಿಲ್ಲ. 1946ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಕಡೆಯ ಬಾರಿ ಸಭೆ ಸೇರಿ, ತನ್ನ ಭವನವನ್ನೂ ಗ್ರಂಥಭಂಡಾರವನ್ನೂ ಕಾಗದಪತ್ರಗಳನ್ನೂ ಹೊಸ ವಿಶ್ವಸಂಸ್ಥೆಗೆ ಒಪ್ಪಿಸಿ, ತಾನೇ ತನ್ನ ವಿಸರ್ಜನೆಯನ್ನು ನಿರ್ಣಯಿಸಿಕೊಂಡಿತು. ಹೇಗ್ ನಗರದ ಹಳೆಯ ಅಂತಾರಾಷ್ಟ್ರೀಯ ನ್ಯಾಯಸ್ಥಾನದ ಸ್ಥಾನದಲ್ಲಿ, ಅದೇ ಭವನದಲ್ಲಿ, ಅದೇ ತಿಂಗಳು ಹೊಸ ನ್ಯಾಯಸ್ಥಾನವು ಕುಳಿತಿತು. ಕಾರ್ಮಿಕರ ಸಂಸ್ಥೆಯಂತೂ ಎರಡು ಕೂಟಗಳ ಕಾಲದಲ್ಲಿಯೂ ಬಾಗಿಲು ಮುಚ್ಚಲೇ ಇಲ್ಲ.

ಇದಕ್ಕೆ ಪ್ರತಿಯಾದ ರೀತಿಯೂ ಒಂದುಂಟು. ಅದರಲ್ಲಿ ಗೋಡೆಯನ್ನು ಯಾರೂ ಮುಟ್ಟುವುದಿಲ್ಲ, ದೀಪಕ್ಕೆ ಎಣ್ಣೆ ಹಾಕುವುದನ್ನು ಮಾತ್ರ ನಿಲ್ಲಿಸುತ್ತಾರೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೇಶ ದೇಶಗಳ ವ್ಯಾಜ್ಯಗಳ ಅಪೀಲನ್ನು ಕೇಳುವುದಕ್ಕೆ ಏಳು ಮಂದಿಯ ಮಂಡಲಿಯೊಂದು ಏರ್ಪಟ್ಟಿತ್ತು. ಒಂದೊಂದು ಅಪೀಲಿಗೂ ಮೂವರು ಕುಳಿತುಕೊಳ್ಳಬೇಕೆಂಬುದು ನಿಯಮ. ಅವಧಿ ಮುಗಿದವರ ಸ್ಥಾನಕ್ಕೆ ಹೊಸಬರನ್ನು ನೇಮಿಸಲು ಅಮೆರಿಕವು ಒಪ್ಪಲಿಲ್ಲ. ಅದರ ಆಕ್ಷೇಪಣೆಗಳಲ್ಲಿ ಕೆಲವಕ್ಕೆ ಆಧಾರವಿಲ್ಲದಿಲ್ಲ. ಮಂಡಲಿಯು ತನ್ನ ಎಲ್ಲೆಯನ್ನು ಮೀರುತ್ತಿದೆಯೆಂಬ ದೂರನ್ನು ಒಬ್ಬರಲ್ಲದೆ ಹಲವು ಅಧ್ಯಕ್ಷರ ಸರ್ಕಾರಗಳು ಹೇಳಿದ್ದವು. ಏಳು ಮಂದಿ ಕರಗಿ ಕರಗಿ 2019ರ ಡಿಸೆಂಬರ್ 11ರಂದು ಒಬ್ಬರು ಉಳಿದರು. ಅಂದಿನಿಂದ ಕೆಳಗಿನ ತೀರ್ಪಿನಲ್ಲಿ ಸೋತ ದೇಶವು ಕೇಳುವವರಿಲ್ಲದ ಪೀಠಕ್ಕೆ ಅಪೀಲು ಸಲ್ಲಿಸಿ ನೆಮ್ಮದಿಯಾಗಿರಬಹುದಾಯಿತು. ಐರೋಪ್ಯ ಒಕ್ಕೂಟವೂ ಬೇರೆ ಕೆಲವು ದೇಶಗಳೂ 2020ರಲ್ಲಿ ತಮ್ಮತಮ್ಮೊಳಗೆ ಒಂದು ತಾತ್ಕಾಲಿಕ ಅಪೀಲು ವ್ಯವಸ್ಥೆಯನ್ನು ಮಾಡಿಕೊಂಡವು. ಅದನ್ನು ಬಾಲಾಲಯವೆಂದರೆ ತಪ್ಪಾಗಲಾರದು. ಚಿಕ್ಕದಾದರೂ ಅಲ್ಲೊಂದು ದೀಪವಿದೆ.

ನಮ್ಮ ದೃಷ್ಟಾಂತಕ್ಕೆ ಒಪ್ಪುವ ರಾಜ್ಯವನ್ನು ತೋರಿಸಿರೆಂದು ಯಾರಾದರೂ ಕೇಳಿದರೆ ನಾವು ಭೂತಾನವನ್ನು ತೋರಿಸುತ್ತೇವೆ. 1907ರಲ್ಲಿ ವಾಂಗ್‌ಚುಕ್ ವಂಶದ ಮೊದಲನೆಯ ದೊರೆಯು ಪಟ್ಟಕ್ಕೆ ಬಂದನು. ಮೂರನೆಯ ದೊರೆಯು 1953ರಲ್ಲಿ ಜನಪ್ರತಿನಿಧಿಗಳ ಸಭೆಯನ್ನು ಏರ್ಪಡಿಸಿದನು. ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ಕರು 1998ರಲ್ಲಿ ಆಡಳಿತಾಧಿಕಾರವನ್ನು ಮಂತ್ರಿಮಂಡಲಕ್ಕೆ ಬಿಟ್ಟುಕೊಟ್ಟು, 2001ರಲ್ಲಿ ರಾಜ್ಯಾಂಗದ ಕರಡನ್ನು ಬರೆಯುವಂತೆ ಆಜ್ಞಾಪಿಸಿ, ಕರಡನ್ನು ಜಿಲ್ಲೆ ಜಿಲ್ಲೆಗೂ ಕೊಂಡೊಯ್ದು ಜನರ ಮುಂದೆ ಓದಿಸಿದರು. ಜನರು ನಮಗೆ ಇದು ಬೇಡ, ತಾವೇ ಆಳಿರಿ ಎಂದು ಬೇಡಿಕೊಂಡರು. ಒಳ್ಳೆಯ ದೊರೆಯ ತರುವಾಯ ಕೆಟ್ಟ ದೊರೆ ಬಂದರೆ ಏನು ಮಾಡುವಿರೆಂಬುದು ಅರಸನ ಕಡೆಯ ವಾದವಾಗಿತ್ತು. ಐವತ್ತೊಂದು ವರ್ಷ ವಯಸ್ಸಿನಲ್ಲಿ, 2006ರ ಡಿಸೆಂಬರಿನಲ್ಲಿ, ಅವರು ಮಗನಿಗೆ ಪಟ್ಟವನ್ನು ಬಿಟ್ಟರು.

ಆಮೇಲೆ ನಡೆದದ್ದು ನಮಗೆ ಬಹಳ ಮೆಚ್ಚಿಕೆಯಾದ ಪ್ರಸಂಗ. 2007ರಲ್ಲಿ ಅಲ್ಲಿ ಅಭ್ಯಾಸಕ್ಕಾಗಿ ಎರಡು ಸುತ್ತಿನ ಹುಸಿ ಚುನಾವಣೆಯನ್ನು ನಡೆಸಿದರು. ಇಲ್ಲದ ನಾಲ್ಕು ಪಕ್ಷಗಳಿಗೆ ನೀಲಿ, ಹಸುರು, ಕೆಂಪು, ಹಳದಿ ಎಂದು ಬಣ್ಣದ ಹೆಸರಿಟ್ಟರು. ಜನ ಸಾಲಾಗಿ ನಿಂತು ಮತ ಹಾಕಿದರು. ಹಳದಿ ಪಕ್ಷವು ಬಹುತೇಕ ಎಲ್ಲ ಕ್ಷೇತ್ರಗಳನ್ನೂ ಗೆದ್ದಿತು, ಏಕೆಂದರೆ ಹಳದಿ ಅಲ್ಲಿಯ ಅರಸನ ಬಣ್ಣ! ಮಕ್ಕಳ ಆಟವೆಂದು ಯಾರಾದರೂ ನಗಬಹುದು. ಮತಪೆಟ್ಟಿಗೆಯನ್ನು ಎಂದೂ ಕಾಣದ ಬೆಟ್ಟದ ಜನರಿಗೆ ಅದು ಉಪನಯನಕ್ಕೆ ಮುಂಚಿನ ಅಕ್ಷರಾಭ್ಯಾಸದಂತಿತ್ತು. 2008ರ ಮಾರ್ಚಿಯಲ್ಲಿ ನಿಜವಾದ ಚುನಾವಣೆ ನಡೆಯಿತು, ಜುಲೈ ತಿಂಗಳಲ್ಲಿ ರಾಜ್ಯಾಂಗಕ್ಕೆ ರುಜು ಬಿದ್ದಿತು. ಅರುವತ್ತೈದು ತುಂಬಿದ ದೊರೆಯು ಪಟ್ಟದಿಂದಿಳಿಯಬೇಕೆಂಬ ನಿಯಮವನ್ನೂ ಅದರಲ್ಲಿ ಸೇರಿಸಿದ್ದಾರೆ. 2013ರಲ್ಲಿ, 2018ರಲ್ಲಿ, ಪುನಃ 2024ರ ಜನವರಿಯಲ್ಲಿ ಮುಗಿದ ಚುನಾವಣೆಯಲ್ಲಿ, ಮೂರು ಬಾರಿಯೂ ಆಳುತ್ತಿದ್ದ ಪಕ್ಷವು ಸೋತು ಶಾಂತವಾಗಿ ಅಧಿಕಾರ ಬಿಟ್ಟಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಮ್ಮ ಪಕ್ಷಕ್ಕೆ ಗೆಲುವೇ. ಆದರೆ ಅದು ಅರ್ಧ ಸತ್ಯದ ಗೆಲುವಾಗುತ್ತದೆ. ಇದೇ ದೊರೆಯ ಕಾಲದಲ್ಲಿ, 1985ರ ಪೌರತ್ವದ ಕಾನೂನಿನ ತರುವಾಯ, ಒಂದೇ ಉಡುಪು ಒಂದೇ ಆಚಾರವೆಂಬ ನೀತಿ ಬಿಗಿಯಾಗಿ, 1990ರ ಸುಮಾರಿನಿಂದ ಮೊದಲಾಗಿ ಭೂತಾನದ ದಕ್ಷಿಣ ಸೀಮೆಯ ನೇಪಾಳೀ ಭಾಷೆಯ ಜನ ಒಂದು ಲಕ್ಷದಷ್ಟು ಮಂದಿ ಮನೆಮಾರುಗಳನ್ನು ಬಿಟ್ಟು ಹೋಗಬೇಕಾಯಿತು. ಅವರು ಪೂರ್ವ ನೇಪಾಳದ ಶಿಬಿರಗಳಲ್ಲಿ ಬಿದಿರಿನ ಗುಡಿಸಿಲುಗಳಲ್ಲಿ ಹದಿನೇಳು ಹದಿನೆಂಟು ವರ್ಷ ಕಳೆದರು. 2007ರಿಂದೀಚೆಗೆ ಅವರಲ್ಲಿ ಬಹುಮಂದಿಯನ್ನು ಅಮೆರಿಕ ಮೊದಲಾದ ದೂರದೇಶಗಳು ಕರೆದುಕೊಂಡವು. ಹುಟ್ಟಿದ ನಾಡು ಕರೆದುಕೊಳ್ಳಲಿಲ್ಲ. ಹೊಸ ರಾಜ್ಯಾಂಗವನ್ನು ಜಿಲ್ಲೆ ಜಿಲ್ಲೆಯಲ್ಲಿ ಓದಿದಾಗ ಕೇಳಲು ಇವರು ಅಲ್ಲಿರಲಿಲ್ಲ.

ಸ್ಥಿತಿಪಾಲಕನ ಮನಸ್ಸಿಗೆ ಮುಳ್ಳಾಗಬೇಕಾದ ಸಂಗತಿ ಇದು. ಗುಡಿಯ ದೀಪ ಆರಲಿಲ್ಲವೆಂದು ಹೆಮ್ಮೆಪಡುವ ನಾವು, ಆ ದೀಪ ಯಾರ ಕಣ್ಣಿಗೆ ಬೀಳುತ್ತಿತ್ತೆಂಬುದನ್ನು ಕೇಳಿಕೊಳ್ಳುವುದಿಲ್ಲ. ನಮ್ಮ ನಾಡಿನಲ್ಲಿಯೂ ಬಾಲಾಲಯದ ಪೂಜೆ ಚ್ಯುತಿಯಿಲ್ಲದೆ ನಡೆಯುತ್ತಿದ್ದ ಕಾಲದಲ್ಲಿಯೇ ಕಲ್ಲು ಹೊತ್ತವನು ಗುಡಿ ಪೂರೈಸಿದ ಮೇಲೆ ಒಳಗೆ ಬರುವಂತಿರಲಿಲ್ಲ. ಅವನಿಗೆ ನಾವು ತಾಳ್ಮೆಯನ್ನು ಬೋಧಿಸುತ್ತಿದ್ದೆವು. ತಾಳ್ಮೆಯು ಒಳಗೆ ಕುಳಿತವನಿಗೆ ಬಹಳ ಸುಲಭವಾದ ಗುಣ. ಕ್ರಮವಾಗಿ, ನಿಧಾನವಾಗಿ ಎಂದು ನಾವು ಹೇಳುವಾಗಲೆಲ್ಲ ಹೊರಗೆ ನಿಂತವನ ಕಾಲುನೋವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆಯೇ ಎಂದು ಕೇಳುವ ಹಕ್ಕು ಅವನಿಗುಂಟು. ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಆ ಶಿಬಿರಗಳಿದ್ದ ನೇಪಾಳದ ಕಥೆ ಬೇರೊಂದು ಬಗೆಯದು. ಅಲ್ಲಿ ಗುಡಿಯನ್ನು ಮೊದಲು ಒಡೆದವರು ಕ್ರಾಂತಿಕಾರರೆಂದು ಹೇಳಲು ನಮಗೆ ಆಸೆ. ಆದರೆ ಚರಿತ್ರೆ ಒಪ್ಪುವುದಿಲ್ಲ. ಚುನಾಯಿತ ಸರ್ಕಾರವನ್ನು 1960ರ ಡಿಸೆಂಬರಿನಲ್ಲಿ ಸೆರೆಗೆ ಕಳುಹಿಸಿದವರು ದೊರೆ ಮಹೇಂದ್ರರು. 1990ರ ರಾಜ್ಯಾಂಗವನ್ನು ಬದಿಗೊತ್ತಿ 2005ರ ಫೆಬ್ರವರಿ 1ರಂದು ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡವರು ದೊರೆ ಜ್ಞಾನೇಂದ್ರರು. ಸಿಂಹಾಸನದ ಕಾಲನ್ನು ಸಿಂಹಾಸನದ ಮೇಲೆ ಕುಳಿತವರೇ ಕೊಯ್ದರು. 1996ರಿಂದ ಹತ್ತು ವರ್ಷ ಮಾವೋವಾದಿಗಳ ಯುದ್ಧದಲ್ಲಿ ನೊಂದ ಜನ 2006ರಲ್ಲಿ ಎದ್ದರು. 2008ರ ಮೇ 28ರಂದು ರಾಜತ್ವವು ಹೋಯಿತು. ಬಾಲಾಲಯವನ್ನು ಅಲ್ಲಿಯೂ ಕಟ್ಟಿದ್ದರು: ಅದು 2007ರ ತಾತ್ಕಾಲಿಕ ರಾಜ್ಯಾಂಗ. ಆದರೆ 601 ಮಂದಿಯ ರಾಜ್ಯಾಂಗ ಸಭೆಯು ನಾಲ್ಕು ವರ್ಷ ಚರ್ಚಿಸಿ ಏನನ್ನೂ ಮುಗಿಸದೆ 2012ರಲ್ಲಿ ಮುಗಿದುಹೋಯಿತು. ಎರಡನೆಯ ಸಭೆ ಕೂಡಿ 2015ರ ಸೆಪ್ಟೆಂಬರಿನಲ್ಲಿ ಕುಂಭಾಭಿಷೇಕವಾಯಿತು. ದೇವರನ್ನು ಎಂಟು ವರ್ಷ ಚಪ್ಪರದಲ್ಲಿಟ್ಟರೆ ಅರ್ಚಕರಿಗೆ ಚಪ್ಪರವೇ ಹಿತವಾಗುತ್ತದೆ. 2008ರಿಂದ 2025ರವರೆಗಿನ ಹದಿನೇಳು ವರ್ಷಗಳಲ್ಲಿ ಹತ್ತಕ್ಕಿಂತ ಹೆಚ್ಚು ಸಲ ಪ್ರಧಾನಿಗಳು ಬದಲಾದರು. ಬಹುಮಟ್ಟಿಗೆ ಅದೇ ಕೆಲವು ಮುಖಗಳು ಸರದಿಯ ಮೇಲೆ ಬಂದುಹೋಗುತ್ತಿದ್ದವು.

2025ರ ಸೆಪ್ಟೆಂಬರಿನಲ್ಲಿ ಸರ್ಕಾರವು ಸಾಮಾಜಿಕ ಜಾಲತಾಣಗಳನ್ನು ತಡೆಹಿಡಿದಾಗ ಕಿರಿಯರು ಬೀದಿಗಿಳಿದರು. 8ರಂದು ಗುಂಡೇಟಿನಿಂದ ಅವರಲ್ಲಿ ಹತ್ತೊಂಬತ್ತು ಮಂದಿ ಸತ್ತರು. 9ರಂದು ಪ್ರಧಾನಿ ಓಲಿಯವರು ರಾಜೀನಾಮೆ ಕೊಟ್ಟರು. ಅದೇ ದಿನ ಸಂಸತ್ ಭವನ, ಸರ್ವೋಚ್ಚ ನ್ಯಾಯಾಲಯ, ಸಿಂಹ ದರಬಾರು ಎಲ್ಲವೂ ಉರಿದವು. ಆ ದರಬಾರು 1908ರಲ್ಲಿ ರಾಣಾ ಮಂತ್ರಿಯೊಬ್ಬರು ಕಟ್ಟಿಸಿದ ಅರಮನೆ; 1973ರಲ್ಲಿ ಒಮ್ಮೆ ಬೆಂದು, ಮುಂಭಾಗವನ್ನು ಸರಿಪಡಿಸಿ ಸರ್ಕಾರದ ಕಚೇರಿಯಾಗಿದ್ದದ್ದು.

ಇರಾಕಿನ ಕಥೆಯೇ ಪುನಃ ಆಗುವುದೆಂದು ನಾವು ಹೆದರಿದೆವು. ಆ ರಾತ್ರಿ ಸೇನೆಯು ಬೀದಿಗೆ ಬಂದಿತು; ಆದರೆ ಪೀಠದ ಮೇಲೆ ಕುಳಿತುಕೊಳ್ಳಲಿಲ್ಲ. ಕಿರಿಯರು ತಮ್ಮ ದೂರವಾಣಿ ಯಂತ್ರಗಳಲ್ಲಿಯೇ ಸಹಸ್ರ ಸಂಖ್ಯೆಯಲ್ಲಿ ಕೂಡಿ ಚರ್ಚಿಸಿದರು. ಈ ಬಗೆಯ ಸಭೆಯ ವಿಷಯದಲ್ಲಿ ನಮಗೆ ವಿಶ್ವಾಸ ಕಡಮೆ. ಆದರೆ ಹೊಸ ನಾಯಕನೊಬ್ಬನನ್ನು ಮೆರೆಸುವುದಕ್ಕೆ ಬದಲಾಗಿ ಅವರು ಆರಿಸಿಕೊಂಡದ್ದು ಎಪ್ಪತ್ತು ದಾಟಿದ ಒಬ್ಬ ವೃದ್ಧೆಯನ್ನು: ಹಿಂದೆ ಮುಖ್ಯ ನ್ಯಾಯಾಧೀಶರಾಗಿದ್ದ, ಲಂಚಕೋರರ ವಿಷಯದಲ್ಲಿ ಬಿಗಿಯಾಗಿದ್ದ ಸುಶೀಲಾ ಕಾರ್ಕಿಯವರನ್ನು. ನ್ಯಾಯಾಲಯದ ಕಟ್ಟಡ ಬೆಂದ ಮೂರು ದಿನಗಳೊಳಗೆ, 12ರ ರಾತ್ರಿ, ಅವರು ರಾಷ್ಟ್ರಪತಿಗಳ ಮುಂದೆ 2015ರ ರಾಜ್ಯಾಂಗದ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. 2026ರ ಮಾರ್ಚ್ 5 ಚುನಾವಣೆಯ ದಿನವೆಂದು ಗೊತ್ತುಮಾಡಿದರು. ಪ್ರಮಾಣವಚನವಾದ ಮೇಲೆ ಅವರು ಕೆಲಸಕ್ಕೆ ಕುಳಿತದ್ದು ಅದೇ ಸಿಂಹ ದರಬಾರಿನ ಆವರಣದಲ್ಲಿ, ಬೆಂಕಿ ಮುಟ್ಟದೆ ಉಳಿದಿದ್ದ ಇನ್ನೊಂದು ಕಟ್ಟಡದಲ್ಲಿ.